ಕಣ್ಣೆದುರೇ ಇರುವ ಕೆಂಪು ಕೊಲೊಬಸ್: ಜಾಂಜಿಬಾರಿನ ಕಾಡುಮಂಗವೊಂದರ ಪರಿಚಯ

ಜಾಂಜಿಬಾರಿನ ಜೊಜಾನಿ ಕಾಡಿನ ಬಾಗಿಲಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಸಾಕು. ಮಾವಿನ ಮರದಲ್ಲೋ ಬಾದಾಮಿ ಮರದಲ್ಲೋ ಕೆಂಪು ಬೆನ್ನಿನ ಕೋತಿಗಳ ಹಿಂಡು ಕಣ್ಣಿಗೆ ಬೀಳುತ್ತದೆ. ತಲೆಯ ಮೇಲೆ ಕೆದರಿದ ಬಿಳಿ ಕೂದಲು, ಅದರ ಕೆಳಗೆ ಕಪ್ಪು ಮುಖ, ಮುಖದ ನಡುವೆ ನಸುಗೆಂಪು ಮೂಗು ಮತ್ತು ತುಟಿ. ಜನರನ್ನು ಕಂಡು ಅವು ಓಡುವುದಿಲ್ಲ. ತಗ್ಗಿನ ಕೊಂಬೆಯಲ್ಲೇ ಕೂತು ಎಲೆ ಮೆಲ್ಲುತ್ತಿರುತ್ತವೆ. ಇದು ಅಳಿವಿನಂಚಿನ ಪ್ರಾಣಿ ಎಂದು ಮಾರ್ಗದರ್ಶಿ ಹೇಳಿದಾಗ ಹೊಸಬರಿಗೆ ಸಹಜವಾಗಿ ಅನುಮಾನ ಬರುತ್ತದೆ: ಇಷ್ಟೊಂದು ಇವೆಯಲ್ಲ, ಇಷ್ಟು ಸುಲಭವಾಗಿ ಸಿಗುತ್ತವಲ್ಲ, ಅಳಿವು ಎಲ್ಲಿಂದ ಬಂತು?

ಈ ಅನುಮಾನವನ್ನು ಬದಿಗೆ ತಳ್ಳಬೇಕಾಗಿಲ್ಲ. ಅದರ ಬೆನ್ನು ಹಿಡಿದು ಹೋದರೆ ಈ ಪ್ರಾಣಿಯ ಬದುಕೂ ಅದರ ಸಂಕಟವೂ ಎರಡೂ ಅರ್ಥವಾಗುತ್ತವೆ. ಒಂದು ಪ್ರಾಣಿ ನಮ್ಮ ಕಣ್ಣಿಗೆ ಧಾರಾಳವಾಗಿ ಕಾಣುವುದು ಬೇರೆ, ಅದರ ಕುಲ ಕ್ಷೇಮವಾಗಿ ಉಳಿಯುವುದು ಬೇರೆ. ಇವೆರಡರ ನಡುವಿನ ಅಂತರ ಎಷ್ಟೆಂದು ತಿಳಿಯಲು ಈ ಮಂಗ ಏನು ತಿನ್ನುತ್ತದೆ, ಎಲ್ಲಿ ಬಾಳುತ್ತದೆ, ಯಾರ ಪಕ್ಕದಲ್ಲಿ ಬಾಳುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ನಮ್ಮ ಮುಸುವನ ದೂರದ ನೆಂಟ

ಈ ಮಂಗದ ಹೆಸರು ಜಾಂಜಿಬಾರ್ ಕೆಂಪು ಕೊಲೊಬಸ್. ವೈಜ್ಞಾನಿಕ ಹೆಸರು ಪಿಲಿಯೊಕೊಲೊಬಸ್ ಕಿರ್ಕಿಯೈ. ಡೇವಿಡ್ ಲಿವಿಂಗ್‌ಸ್ಟನ್ ಅವರ ಜಾಂಬೆಜಿ ನದಿಯ ಯಾತ್ರೆಯಲ್ಲಿ ವೈದ್ಯರೂ ಸಸ್ಯವಿಜ್ಞಾನಿಯೂ ಆಗಿದ್ದ ಜಾನ್ ಕಿರ್ಕ್, ಮುಂದೆ ಜಾಂಜಿಬಾರಿನಲ್ಲಿ ಬ್ರಿಟಿಷ್ ಪ್ರತಿನಿಧಿಯಾದರು. 1868ರಲ್ಲಿ ಜಾನ್ ಎಡ್ವರ್ಡ್ ಗ್ರೇ ಎಂಬ ಪ್ರಾಣಿಶಾಸ್ತ್ರಜ್ಞರು ಈ ಪ್ರಭೇದವನ್ನು ವಿಜ್ಞಾನಕ್ಕೆ ಪರಿಚಯಿಸಿದಾಗ ಕಿರ್ಕ್ ಅವರ ಹೆಸರನ್ನೇ ಇಟ್ಟರು. ದ್ವೀಪದ ಜನ ಸ್ವಾಹಿಲಿಯಲ್ಲಿ ಇದನ್ನು ಕಿಮಾ ಪುಂಜು ಎನ್ನುತ್ತಾರೆ.

ಆಫ್ರಿಕಾದಲ್ಲಿ ಕೆಂಪು ಕೊಲೊಬಸ್‌ಗಳು ಒಂದೇ ಬಗೆಯವಲ್ಲ. ಪಶ್ಚಿಮದ ಸೆನೆಗಲ್, ಗ್ಯಾಂಬಿಯಾಗಳಿಂದ ಪೂರ್ವದ ಜಾಂಜಿಬಾರಿನವರೆಗೆ ಹದಿನೇಳು ಹದಿನೆಂಟು ಬಗೆಗಳಿವೆ. ಹೆಚ್ಚಿನವುಗಳ ನೆಲೆ ಚಿಕ್ಕದು, ಒಂದರಿಂದ ಒಂದು ಬಲುದೂರ. ಆಫ್ರಿಕಾದ ಮಂಗಗಳಲ್ಲಿ ಅತಿ ಹೆಚ್ಚು ಅಪಾಯಕ್ಕೆ ಸಿಕ್ಕಿರುವ ಪಂಗಡ ಇದೇ. ಘಾನಾ ಮತ್ತು ಐವರಿ ಕೋಸ್ಟ್ ಕಾಡುಗಳಲ್ಲಿದ್ದ ಮಿಸ್ ವಾಲ್ಡ್ರನ್ ಕೆಂಪು ಕೊಲೊಬಸ್ ಅನ್ನು 1978ರ ಬಳಿಕ ಯಾವ ವಿಜ್ಞಾನಿಯೂ ಜೀವಂತ ಕಂಡಿಲ್ಲ. ಈ ಕುಟುಂಬದಲ್ಲಿ ಅಳಿವು ದೂರದ ಭೀತಿಯಾಗಿ ಉಳಿದಿಲ್ಲ, ಮನೆಯೊಳಗೆ ಕಾಲಿಟ್ಟಾಗಿದೆ.

ಕನ್ನಡ ನಾಡಿನವರಿಗೆ ಕೊಲೊಬಸ್ ತೀರಾ ಅಪರಿಚಿತವೇನಲ್ಲ. ನಮ್ಮ ಗುಡಿಗಳ ಗೋಪುರದ ಮೇಲೆ, ಮಲೆನಾಡಿನ ಹಲಸಿನ ಮರದಲ್ಲಿ ಕಾಣುವ ಕಪ್ಪು ಮುಖದ, ಉದ್ದ ಬಾಲದ ಮುಸುವ ಇದರ ನೆಂಟ. ಎರಡೂ ಎಲೆ ತಿನ್ನುವ ಮಂಗಗಳ ಒಂದೇ ಉಪಕುಟುಂಬಕ್ಕೆ ಸೇರಿದವು. ಒಂದು ಕೋಟಿ ವರ್ಷಕ್ಕೂ ಹಿಂದೆ ಆ ಕುಟುಂಬ ಕವಲೊಡೆಯಿತು. ಏಷ್ಯಾದ ಕವಲಿನಲ್ಲಿ ಮುಸುವಗಳು ಬೆಳೆದವು, ಆಫ್ರಿಕಾದ ಕವಲಿನಲ್ಲಿ ಕೊಲೊಬಸ್‌ಗಳು. ಘಟ್ಟದ ರಸ್ತೆಯಲ್ಲಿ ಕಡಲೆಕಾಯಿ ಕಸಿದು ಕೆನ್ನೆಯ ಚೀಲಕ್ಕೆ ತುಂಬಿಕೊಳ್ಳುವ ಕೆಂಪು ಮುಖದ ಕೋತಿ ಬೇರೆ ಪಂಗಡದ್ದು. ಮುಸುವನಿಗೂ ಕೊಲೊಬಸ್‌ಗೂ ಕೆನ್ನೆಯ ಚೀಲವಿಲ್ಲ. ಅವುಗಳ ಉಗ್ರಾಣವೆಲ್ಲ ಹೊಟ್ಟೆಯಲ್ಲೇ.

ಕೊಲೊಬಸ್ ಅನ್ನು ಮುಸುವನಿಂದ ಬೇರೆ ಮಾಡಿ ಗುರುತಿಸಲು ಕೈ ನೋಡಬೇಕು. ಮುಸುವನ ಹೆಬ್ಬೆರಳು ಗಿಡ್ಡ. ಕೊಲೊಬಸ್‌ಗೆ ಹೆಬ್ಬೆರಳು ಇಲ್ಲವೆಂದೇ ಹೇಳಬಹುದು, ಒಂದು ಸಣ್ಣ ಗುಬುಟು ಮಾತ್ರ ಉಳಿದಿದೆ. ಉಳಿದ ನಾಲ್ಕು ಉದ್ದ ಬೆರಳುಗಳನ್ನು ಕೊಕ್ಕೆಯ ಹಾಗೆ ಬಾಗಿಸಿ ಅದು ಕೊಂಬೆಗೆ ಜೋತುಬೀಳುತ್ತದೆ. ಬಾಲ ಹಿಡಿತಕ್ಕಲ್ಲ, ಜಿಗಿತದಲ್ಲಿ ಸಮತೋಲಕ್ಕೆ.

ಹೊಟ್ಟೆಯ ಒಳಗಿನ ಕೆಲಸ

ಈ ಪ್ರಾಣಿಯನ್ನು ಅರಿಯಬೇಕಾದರೆ ಮೊದಲು ಅದರ ಹೊಟ್ಟೆಯನ್ನು ಅರಿಯಬೇಕು.

ಎಲೆ ಕಾಡಿನಲ್ಲಿ ಎಲ್ಲೆಲ್ಲೂ ಇದೆ, ಆದರೆ ಅದನ್ನು ಜೀರ್ಣಿಸುವುದು ಕಷ್ಟ. ಎಲೆಯ ನಾರನ್ನು ಒಡೆಯುವ ಶಕ್ತಿ ಮಂಗನ ದೇಹಕ್ಕೆ ತಾನಾಗಿ ಇಲ್ಲ. ಆ ಕೆಲಸವನ್ನು ಅದು ಸೂಕ್ಷ್ಮಜೀವಿಗಳಿಗೆ ವಹಿಸಿದೆ. ಕೊಲೊಬಸ್‌ನ ಜಠರ ಒಂದೇ ಚೀಲವಲ್ಲ, ಹಲವು ಕೋಣೆಗಳಾಗಿ ಹಿಗ್ಗಿದೆ. ಮುಂದಿನ ಕೋಣೆಗಳಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು, ರಾತ್ರಿಯಿಡೀ ಇಡ್ಲಿ ಹಿಟ್ಟು ಹುದುಗುವ ಹಾಗೆ, ಎಲೆಯನ್ನು ಗಂಟೆಗಟ್ಟಲೆ ಹುದುಗಿಸುತ್ತವೆ. ಹುದುಗಿ ಬಂದ ಸತ್ವವನ್ನು ಮಂಗ ಹೀರಿಕೊಳ್ಳುತ್ತದೆ. ಹಸುವಿನ ಹೊಟ್ಟೆಯಲ್ಲೂ ನಡೆಯುವುದು ಇದೇ ಬಗೆಯ ಕೆಲಸ.

ಈ ಏರ್ಪಾಡಿಗೆ ಬೆಲೆಯೂ ಇದೆ. ಸಿಹಿಯಾದ ಕಳಿತ ಹಣ್ಣು ಆ ಕೋಣೆಗಳಿಗೆ ಇಳಿದರೆ ಹುದುಗುವಿಕೆ ವಿಪರೀತವಾಗಿ ಆಮ್ಲ ಹೆಚ್ಚುತ್ತದೆ, ಸೂಕ್ಷ್ಮಜೀವಿಗಳ ಸಂಸಾರವೇ ಕೆಡುತ್ತದೆ. ಆದ್ದರಿಂದ ಕೊಲೊಬಸ್ ಚಿಗುರು, ಮೊಗ್ಗು, ಹೂವು, ಬಲಿಯದ ಕಾಯಿಗಳನ್ನು ಆರಿಸಿ ತಿನ್ನುತ್ತದೆ. ಕಳಿತ ಹಣ್ಣಿನಿಂದ ದೂರ ಉಳಿಯುತ್ತದೆ. ಪ್ರವಾಸಿಗರು ಪ್ರೀತಿಯಿಂದ ಎಸೆಯುವ ಬಾಳೆಹಣ್ಣು, ಬ್ರೆಡ್ಡು, ಬಿಸ್ಕತ್ತು ಇದಕ್ಕೆ ಊಟವಲ್ಲ, ಕಾಯಿಲೆ.

ಇದರ ದಿನಚರಿಯೂ ಹೊಟ್ಟೆಯ ಗಡಿಯಾರದಂತೆಯೇ ಸಾಗುತ್ತದೆ. ಬೆಳಗ್ಗೆ ಮೇವು, ಮಧ್ಯಾಹ್ನದ ಬಿಸಿಲಿನಲ್ಲಿ ದೀರ್ಘ ವಿಶ್ರಾಂತಿ, ಇಳಿಹೊತ್ತಿನಲ್ಲಿ ಮತ್ತೆ ಮೇವು. ವಿಶ್ರಾಂತಿಯ ಹೊತ್ತಿನಲ್ಲಿ ದೊಡ್ಡವು ಪರಸ್ಪರ ಮೈಯ ಕೂದಲು ಬಿಡಿಸಿ ಹೇನು, ಹೊಟ್ಟು ತೆಗೆಯುತ್ತವೆ, ಮರಿಗಳು ಒಂದರ ಬಾಲ ಒಂದು ಎಳೆದು ಆಡುತ್ತವೆ. ಹೊರಗಿನವರಿಗೆ ಸೋಮಾರಿತನವೆಂದು ಕಾಣುವ ಆ ವೇಳೆಯಲ್ಲಿ ಒಳಗೆ ಬಿಡುವಿಲ್ಲದ ಕೆಲಸ ನಡೆದಿರುತ್ತದೆ. ಒಂದು ಗುಂಪಿನಲ್ಲಿ ಹತ್ತಾರು ಮಂಗಗಳು, ಕೆಲವೊಮ್ಮೆ ಐವತ್ತಕ್ಕೂ ಹೆಚ್ಚು. ಗಂಡುಗಳು ಕೆಲವೇ, ಹೆಣ್ಣುಗಳು ಹೆಚ್ಚು. ಹೆಣ್ಣು ಒಂದು ಸಲಕ್ಕೆ ಒಂದೇ ಮರಿ ಹೆತ್ತು ತಿಂಗಳುಗಟ್ಟಲೆ ಅವುಚಿಕೊಂಡು ಸಾಕುತ್ತದೆ. ಹೆರಿಗೆಗಳ ನಡುವಿನ ಅಂತರ ದೊಡ್ಡದಾದ್ದರಿಂದ ಕಳೆದುಹೋದ ಒಂದೊಂದು ಜೀವವನ್ನೂ ತುಂಬಿಕೊಳ್ಳಲು ಈ ಕುಲಕ್ಕೆ ಬಹಳ ಕಾಲ ಬೇಕು. ಮುಂದೆ ರಸ್ತೆಯ ಮಾತು ಬಂದಾಗ ಇದನ್ನು ನೆನಪಿಡಿ.

ಇದ್ದಿಲು ತಿನ್ನುವ ಜಾಣತನ

ಜೊಜಾನಿ ಕಾಡಿನ ಅಂಚಿನಲ್ಲಿ ರೈತರ ತೋಟಗಳಿವೆ. ತೆಂಗು, ಮಾವು, ಬಾಳೆಯ ಜೊತೆಗೆ ನಮ್ಮ ಶಾಲೆಗಳ ಅಂಗಳದಲ್ಲೂ ಕಾಣುವ, ಅಗಲ ಎಲೆ ಕೆಂಪಾಗಿ ಉದುರುವ ಕಾಡುಬಾದಾಮಿ ಮರಗಳೂ ಅಲ್ಲುಂಟು. ಮಾವು, ಬಾದಾಮಿ ಎರಡೂ ಆಫ್ರಿಕಾದ ಕಾಡಿನ ಮೂಲನಿವಾಸಿಗಳಲ್ಲ, ಮನುಷ್ಯರು ನೆಟ್ಟವು. ಆ ಎಲೆಗಳಲ್ಲಿ ಪ್ರೋಟೀನು ಹೆಚ್ಚು, ಹಾಗಾಗಿ ಕೊಲೊಬಸ್‌ಗೆ ಅವು ಮೃಷ್ಟಾನ್ನ. ತೊಡಕೆಂದರೆ ಅವುಗಳಲ್ಲಿ ಫಿನಾಲ್ ವರ್ಗದ ರಾಸಾಯನಿಕಗಳೂ ಹೇರಳ. ಮಾವಿನ ಎಲೆ ಕಚ್ಚಿ ನೋಡಿದವರಿಗೆ ಅದರ ಒಗರು ಗೊತ್ತು. ಇವು ಜೀರ್ಣಕ್ರಿಯೆಗೆ ಅಡ್ಡಿ ಮಾಡುತ್ತವೆ, ಹೆಚ್ಚಾದರೆ ವಿಷವೂ ಆಗುತ್ತವೆ.

ಇಲ್ಲಿ ಈ ಮಂಗಗಳು ಮಾಡುವ ಕೆಲಸ ವಿಜ್ಞಾನಿಗಳನ್ನೇ ಬೆರಗುಗೊಳಿಸಿತು. ಇದ್ದಿಲು ಸುಟ್ಟ ಜಾಗಗಳಲ್ಲಿ, ಸುಟ್ಟ ಮೋಟುಗಳ ಬುಡದಲ್ಲಿ, ತಣ್ಣಗಾದ ಒಲೆಗಳ ಬಳಿ ಇಳಿದು ಬಂದು ಅವು ಇದ್ದಿಲಿನ ಚೂರು ಎತ್ತಿ ತಿನ್ನುತ್ತವೆ. ಉಗಾಂಡಾದ ಕಿಬಾಲೆ ಕಾಡಿನಲ್ಲಿ ಕೆಂಪು ಕೊಲೊಬಸ್‌ಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದ ಥಾಮಸ್ ಸ್ಟ್ರುಸೇಕರ್, ರಾಸಾಯನಿಕ ಎಂಜಿನಿಯರ್ ಡೇವಿಡ್ ಕೂನಿ ಮತ್ತು ಸಂಶೋಧಕಿ ಕರ್ಸ್ಟಿನ್ ಸೀಕ್ಸ್ 1997ರಲ್ಲಿ ಇದರ ವಿವರಣೆಯನ್ನು ಪ್ರಕಟಿಸಿದರು. ಇದ್ದಿಲಿನ ತುಂಬ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿವೆ. ಮಾವು ಮತ್ತು ಬಾದಾಮಿ ಎಲೆಗಳ ಫಿನಾಲ್‌ಗಳು ಆ ರಂಧ್ರಗಳ ಗೋಡೆಗೆ ಅಂಟಿಕೊಂಡು ದೇಹದಿಂದ ಹೊರಗೆ ಹೋಗುತ್ತವೆ. ವಿಷ ಕುಡಿದವರಿಗೆ ಆಸ್ಪತ್ರೆಯಲ್ಲಿ ಇದ್ದಿಲಿನ ಪುಡಿ ಕುಡಿಸುವುದರ ಹಿಂದಿರುವುದೂ ಇದೇ ತತ್ವ. ದ್ವೀಪದಲ್ಲಿ ಸಾಮಾನ್ಯವಾಗಿ ಸುಡುವ ಇದ್ದಿಲೂ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆಂದು ಪರೀಕ್ಷೆಯಲ್ಲಿ ಕಂಡುಬಂತು.

ಮರಿಗಳು ಈ ಅಭ್ಯಾಸವನ್ನು ತಾಯಂದಿರನ್ನು ನೋಡಿ ಕಲಿಯುತ್ತವೆಂದು ಸಂಶೋಧಕರು ಭಾವಿಸಿದ್ದಾರೆ. ತೋಟದ ಅಂಚಿನ ಗುಂಪುಗಳಲ್ಲಿ ಇದು ಸಾಮಾನ್ಯ, ಕಾಡಿನ ಒಳಗೇ ಇರುವ ಗುಂಪುಗಳಿಗೆ ಇದರ ಗೊಡವೆಯಿಲ್ಲ. ಮನುಷ್ಯ ನೆಟ್ಟ ಮರ, ಮನುಷ್ಯ ಸುಟ್ಟ ಇದ್ದಿಲು, ಇವೆರಡನ್ನೂ ಸೇರಿಸಿ ಒಂದು ಕಾಡುಪ್ರಾಣಿ ತನ್ನ ಊಟದ ಪಟ್ಟಿಯನ್ನು ಹಿಗ್ಗಿಸಿಕೊಂಡಿದೆ. ಕೆಂಪು ಕೊಲೊಬಸ್ ಬದಲಾವಣೆಗೆ ಹೊಂದಿಕೊಳ್ಳಲಾರದ ನಾಜೂಕಿನ ಪ್ರಾಣಿ ಎಂದು ತಿಳಿದವರು ಈ ಒಂದು ಸಂಗತಿಯನ್ನು ಗಮನಿಸಬೇಕು.

ದ್ವೀಪದ ಸೆರೆ

ಜಾಂಜಿಬಾರ್ ಎಂಬುದು ಟಾಂಜಾನಿಯಾಕ್ಕೆ ಸೇರಿದ ದ್ವೀಪಸಮೂಹ. ಅದರ ಮುಖ್ಯ ದ್ವೀಪ ಉಂಗುಜಾ. ಹಿಮಯುಗದಲ್ಲಿ ಸಮುದ್ರ ತಗ್ಗಿದ್ದಾಗ ಉಂಗುಜಾ ಆಫ್ರಿಕಾದ ನೆಲಕ್ಕೆ ಅಂಟಿಕೊಂಡಿತ್ತು. ಹಿಮ ಕರಗಿ ನೀರು ಏರಿದಾಗ ನಡುವಿನ ತಗ್ಗು ಮುಳುಗಿ ಅದು ದ್ವೀಪವಾಯಿತು. ಕೆಂಪು ಕೊಲೊಬಸ್‌ಗಳು ಅತ್ತ ನೆಲದ ಕಾಡಿನಿಂದ ಬೇರ್ಪಟ್ಟು ಇಲ್ಲೇ ಉಳಿದವು. ಇಂದು ಈ ಪ್ರಭೇದ ಉಂಗುಜಾ ಹಾಗೂ ಅದಕ್ಕೆ ಅಂಟಿಕೊಂಡಂತಿರುವ ಉಜಿಯಂಥ ಕಿರುದ್ವೀಪಗಳಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಇಲ್ಲ. 1970ರ ದಶಕದಲ್ಲಿ ಕೆಲವನ್ನು ಹಿಡಿದು ಪೆಂಬಾ ದ್ವೀಪದ ಎನ್ಗೆಜಿ ಕಾಡಿಗೆ ಬಿಡಲಾಯಿತು. ಅಲ್ಲಿ ಅವು ಪೂರ್ತಿ ಸಾಯಲಿಲ್ಲ, ಹಾಗೆಂದು ಹೆಚ್ಚಾಗಲೂ ಇಲ್ಲ. ಪ್ರಾಣಿಯನ್ನು ಇನ್ನೊಂದು ಕಡೆ ಒಯ್ದು ಬಿಟ್ಟರೆ ಕೆಲಸ ಮುಗಿಯಿತೆಂಬ ಯೋಚನೆ ಎಷ್ಟು ದುರ್ಬಲ ಎಂಬುದಕ್ಕೆ ಪೆಂಬಾ ಸಾಕ್ಷಿ.

ಉಂಗುಜಾದ ಕಾಡುಗಳನ್ನು ಸಹ್ಯಾದ್ರಿಯ ಮಳೆಕಾಡಿನಂತೆ ಕಲ್ಪಿಸಿಕೊಳ್ಳಬೇಡಿ. ದ್ವೀಪದ ಪೂರ್ವ ಮತ್ತು ದಕ್ಷಿಣ ಭಾಗಗಳ ನೆಲವೆಲ್ಲ ಹಳೆಯ ಹವಳದ ಕಲ್ಲು. ಮೇಲೆ ಮಣ್ಣು ಎಷ್ಟೋ ಕಡೆ ತೆಳ್ಳಗೆ ಹಾಸಿದೆ. ಅಲ್ಲಿ ಬೆಳೆಯುವುದು ಕುಳ್ಳಗಿನ, ಗಟ್ಟಿಮುಟ್ಟಾದ ಹವಳದ ನೆಲದ ಕುರುಚಲು ಕಾಡು. ಜೊಜಾನಿಯಲ್ಲಿ ಮಾತ್ರ ಅಂತರ್ಜಲ ಮೇಲೆಯೇ ಇರುವುದರಿಂದ ಎತ್ತರದ, ನೆರಳಿನ ಕಾಡು ಬೆಳೆದಿದೆ. ಇವುಗಳ ಜೊತೆಗೆ ಕಡಲ ಅಂಚಿನಲ್ಲಿ ಕಾಂಡ್ಲಾ ಕಾಡುಗಳು.

ಕಾಂಡ್ಲಾ ಕಾಡು ಇಲ್ಲಿ ಬಹಳ ಮುಖ್ಯ. ಕಟಾರ್ಜಿನಾ ನೊವಾಕ್ ಎಂಬ ಸಂಶೋಧಕಿ ಉಜಿ ಪ್ರದೇಶದಲ್ಲಿ ಕಾಂಡ್ಲಾ ಮರಗಳ ನಡುವೆ ಬಾಳುವ ಕೊಲೊಬಸ್‌ಗಳನ್ನು ಗಮನಿಸಿದರು. ಎಲೆ ತಿನ್ನುವ ಮಂಗಗಳು ಸಾಮಾನ್ಯವಾಗಿ ನೀರು ಕುಡಿಯುವುದೇ ಅಪರೂಪ, ಎಲೆಯ ತೇವವೇ ಅವಕ್ಕೆ ಸಾಕು. ಕಾಂಡ್ಲಾದ ಮಂಗಗಳು ಮಾತ್ರ ಮತ್ತೆ ಮತ್ತೆ ನೀರು ಕುಡಿಯುತ್ತಿದ್ದವು. ಉಪ್ಪುನೀರಿನ ನಡುವೆ ಮರದ ಪೊಟರೆಯಲ್ಲಿ ನಿಂತ ಮಳೆನೀರನ್ನು ಹುಡುಕಿ ತೆಗೆಯುತ್ತಿದ್ದವು. ಒಣನೆಲದ ಕಾಡು ಕಡಿದಾಗ ಅವಕ್ಕೆ ಉಳಿದ ಆಸರೆ ಈ ಕೆಸರು ನೆಲದ ಕಾಡು. ಆಸರೆ ಸಿಕ್ಕಿದೆ ನಿಜ, ಅದು ಕೊನೆಯ ಆಸರೆ ಎಂಬುದೂ ಅಷ್ಟೇ ನಿಜ. ಕಾಂಡ್ಲಾ ಮರವನ್ನೂ ಕಂಬಕ್ಕೆ, ಸೌದೆಗೆ, ಇದ್ದಿಲಿಗೆ ಕಡಿಯುವವರಿದ್ದಾರೆ.

ಎಷ್ಟಿವೆ, ಎಲ್ಲಿವೆ

ಬಹಳ ಕಾಲ ಈ ಮಂಗಗಳ ಸಂಖ್ಯೆ ಎಷ್ಟೆಂಬುದಕ್ಕೆ ಸಿಗುತ್ತಿದ್ದುದು ಅಂದಾಜು ಮಾತ್ರ. ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿಯ ಟಿಮ್ ಡೇವನ್‌ಪೋರ್ಟ್ ಮತ್ತು ಸಂಗಡಿಗರು ಎರಡು ವರ್ಷಗಳ ಅವಧಿಯಲ್ಲಿ 4,725 ಗಂಟೆ ಕಾಡು ಸುತ್ತಿ ಇಡೀ ದ್ವೀಪದಲ್ಲಿ ಎಣಿಕೆ ನಡೆಸಿದರು. ಅವರಿಗೆ ಕಂಡವು 342 ಗುಂಪುಗಳು, ಅದರಿಂದ ಒಟ್ಟು 5,862 ಮಂಗಗಳಿವೆ ಎಂದು ಲೆಕ್ಕ ಹಾಕಿದರು. ಹಿಂದಿನ ಅಂದಾಜುಗಳಿಗೆ ಹೋಲಿಸಿದರೆ ಇದು ಸಮಾಧಾನದ ಸಂಖ್ಯೆ. ಹಾಗಿದ್ದೂ ಅದೇ ಅಧ್ಯಯನ ಎಚ್ಚರಿಕೆಯ ಗಂಟೆಯನ್ನೂ ಬಾರಿಸಿತು. ಹುಟ್ಟಿದ ಮರಿಗಳಲ್ಲಿ ಬೆಳೆದು ದೊಡ್ಡದಾಗುವವು ಸಾಲದು. ಕೆಲವು ಕಾಡುಗಳಿಂದ ಈ ಮಂಗ ಆಗಲೇ ಮಾಯವಾಗಿದೆ. ಒಟ್ಟು ಸಂಖ್ಯೆ ಇಳಿಮುಖವಾಗಿರುವ ಸಂಭವವೇ ಹೆಚ್ಚು. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಭೇದವಾಗಿಯೇ ಉಳಿದಿದೆ.

ಆ ಲೆಕ್ಕದಲ್ಲಿ ಇನ್ನೊಂದು ಮುಖ್ಯ ಸಂಗತಿ ಇತ್ತು. ಮಂಗಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಜೊಜಾನಿ-ಚ್ವಾಕಾ ಕೊಲ್ಲಿ ರಾಷ್ಟ್ರೀಯ ಉದ್ಯಾನದಲ್ಲಿವೆ. ಉಳಿದ ಅರ್ಧ ಅದರ ಆಚೆ. ಬೇರೆ ಮೀಸಲು ಕಾಡುಗಳಲ್ಲಿ ಕೆಲವು, ಊರಿನ ಅಂಚಿನ ಕುರುಚಲಿನಲ್ಲಿ, ತೋಟಗಳ ಬದುವಿನಲ್ಲಿ, ಕಾಂಡ್ಲಾದಲ್ಲಿ ಇನ್ನುಳಿದವು.

ಈಗ ಮೊದಲಿನ ಅನುಮಾನಕ್ಕೆ ಉತ್ತರ ಹುಡುಕಬಹುದು. ಜೊಜಾನಿಯ ತೋಟದಂಚಿನಲ್ಲಿ ಅಷ್ಟು ದಟ್ಟವಾಗಿ ಮಂಗಗಳು ಏಕೆ ಕಾಣುತ್ತವೆ? ಅಲ್ಲಿ ಮೇವು ಚೆನ್ನಾಗಿದೆ ಎಂಬುದು ಒಂದು ಕಾರಣ. ಕರ್ಸ್ಟಿನ್ ಸೀಕ್ಸ್ ತಮ್ಮ ಸಂಶೋಧನೆಯಲ್ಲಿ ಎತ್ತಿ ತೋರಿಸಿದ ಕಾರಣ ಇನ್ನೂ ಗಂಭೀರ. ಸುತ್ತಲಿನ ಕಾಡು ಕಡಿದುಹೋದಂತೆ ನೆಲೆ ಕಳೆದುಕೊಂಡ ಗುಂಪುಗಳು ಉಳಿದ ಜಾಗಕ್ಕೆ ಬಂದು ಒತ್ತೊತ್ತಾಗಿ ಸೇರಿಕೊಂಡಿವೆ. ನಮ್ಮ ಕಣ್ಣಿಗೆ ಸಮೃದ್ಧಿಯಾಗಿ ಕಾಣುವುದು ಹಲವು ಕಡೆ ನಿರಾಶ್ರಿತರ ನೂಕುನುಗ್ಗಲು. ಇರುವ ಜಾಗದಲ್ಲಿ ಮಂಗ ಹೆಚ್ಚಾದರೆ ಮರಗಳ ಮೇಲೆ ಒತ್ತಡ ಬೀಳುತ್ತದೆ, ಮೇವು ಸಾಲದಾಗುತ್ತದೆ, ಮರಿಗಳು ಉಳಿಯುವುದು ಕಷ್ಟವಾಗುತ್ತದೆ. ಆದ್ದರಿಂದ ಒಂದು ಮರದಲ್ಲಿ ಎಷ್ಟು ಕಂಡವು ಎಂಬುದು ಈ ಕುಲದ ಕ್ಷೇಮಕ್ಕೆ ಅಳತೆಯಾಗದು. ಇಡೀ ದ್ವೀಪದಲ್ಲಿ ಎಷ್ಟು ಕಾಡು ಉಳಿದಿದೆ, ಅದರಲ್ಲಿ ಎಷ್ಟು ಮರಿಗಳು ದೊಡ್ಡವಾಗುತ್ತಿವೆ ಎಂಬುದೇ ಸರಿಯಾದ ಅಳತೆ.

ಕಾಡು ಕರಗುವ ಬಗೆ

ಆಫ್ರಿಕಾದ ನೆಲದ ಮೇಲೆ ಕೆಂಪು ಕೊಲೊಬಸ್‌ಗಳಿಗೆ ಚಿಂಪಾಂಜಿ ಮತ್ತು ಕಿರೀಟದ ಹದ್ದು ದೊಡ್ಡ ಶತ್ರುಗಳು. ಉಂಗುಜಾದಲ್ಲಿ ಅವೆರಡೂ ಇಲ್ಲ. ದ್ವೀಪದಲ್ಲಿದ್ದ ಜಾಂಜಿಬಾರ್ ಚಿರತೆಯನ್ನು ಮಾಟಗಾರರ ಪ್ರಾಣಿಯೆಂದು ಬಗೆದು ಬೇಟೆಯಾಡಿದ್ದರಿಂದ ಅದು ಬಹುಶಃ ಅಳಿದೇ ಹೋಗಿದೆ. ಹಾಗಾಗಿ ಇಂದು ಈ ಮಂಗಕ್ಕೆ ಬರುವ ಕುತ್ತೆಲ್ಲವೂ ಮನುಷ್ಯನ ಕಡೆಯಿಂದಲೇ.

ಅದರ ಹಿಂದೆ ಯಾವ ದುಷ್ಟತನವೂ ಇಲ್ಲ, ದಿನನಿತ್ಯದ ಅಗತ್ಯವಿದೆ. 2022ರ ಜನಗಣತಿಯ ಪ್ರಕಾರ ಜಾಂಜಿಬಾರಿನ ಜನಸಂಖ್ಯೆ ಸುಮಾರು 19 ಲಕ್ಷ, ಅದು ವೇಗವಾಗಿ ಏರುತ್ತಿದೆ. ಬಹುಪಾಲು ಮನೆಗಳ ಅಡುಗೆ ಸೌದೆ ಅಥವಾ ಇದ್ದಿಲಿನ ಮೇಲೆ. ಮನೆ ಕಟ್ಟಲು ಬೇಕಾದ ಸುಣ್ಣ ಸುಡುವುದಕ್ಕೂ ಮರವೇ ಬೇಕು. ಹವಳದ ನೆಲದಲ್ಲಿ ಮಣ್ಣು ಬೇಗ ಸತ್ವ ಕಳೆದುಕೊಳ್ಳುವುದರಿಂದ ರೈತರು ಒಂದು ಕಡೆ ಕಡಿದು ಸುಟ್ಟು ಬೆಳೆದು, ಮತ್ತೊಂದು ಕಡೆಗೆ ಸಾಗುತ್ತಾರೆ. ಕಡಲತೀರದಲ್ಲಿ ಹೋಟೆಲುಗಳು ಏಳುತ್ತಿವೆ. ಒಂದೊಂದು ಕಾರಣಕ್ಕೂ ಕಾಡಿನ ಒಂದೊಂದು ತುಂಡು ಹೋಗುತ್ತದೆ. ಉಳಿದ ತುಂಡುಗಳ ನಡುವಿನ ಸಂಪರ್ಕ ಕಡಿಯುತ್ತದೆ. ಕೊಲೊಬಸ್ ಮರದಿಂದ ಮರಕ್ಕೆ ಸಾಗುವ ಪ್ರಾಣಿ, ಬಯಲು ದಾಟಲು ಹೆದರುತ್ತದೆ. ದಾಟಿದರೆ ನಾಯಿಗಳಿಗೆ ಸಿಗುತ್ತದೆ. ಕೆಲವೆಡೆ ಉರುಲು ಹಾಕಿ, ನಾಯಿ ಬಿಟ್ಟು ಬೇಟೆಯಾಡುವುದೂ ಉಂಟು.

ಇದರ ಮೇಲೆ ಹಳೆಯ ಅಪಖ್ಯಾತಿ ಬೇರೆ. ಈ ಮಂಗ ಮೇದ ಮರ ಸೊರಗಿ ಸಾಯುತ್ತದೆ, ಇದನ್ನು ತಿಂದ ನಾಯಿಯ ಕೂದಲು ಉದುರುತ್ತದೆ ಎಂಬ ನಂಬಿಕೆಗಳು ದ್ವೀಪದಲ್ಲಿದ್ದವು. ತೆಂಗಿನ ತೋಟದವರ ದೂರು ಇನ್ನೂ ಬಲವಾಗಿತ್ತು: ಎಳೆಯ ಕಾಯಿಗಳನ್ನೆಲ್ಲ ಕಿತ್ತು ತಿಂದು ಫಸಲು ಹಾಳುಮಾಡುತ್ತದೆ ಎಂದು.

ತೆಂಗಿನ ದೂರನ್ನು ವಿಜ್ಞಾನಿಗಳು ತಳ್ಳಿಹಾಕದೆ ಅಳೆದು ನೋಡಿದರು. ಸೀಕ್ಸ್ ಮತ್ತು ಸ್ಟ್ರುಸೇಕರ್ ಜೊಜಾನಿಯ ಪಕ್ಕದ ತೋಟಗಳಲ್ಲಿ ಮಂಗ ತಿಂದ ಕಾಯಿಗಳನ್ನೂ ಕೊಯ್ಲಿಗೆ ಬಂದ ಕಾಯಿಗಳನ್ನೂ ಲೆಕ್ಕ ಹಾಕಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಂಗಗಳು ಎಳೆಗಾಯಿ ತಿನ್ನುವುದು ನಿಜ. ಆದರೆ ಅದರಿಂದ ಕೊಯ್ಲು ಕುಗ್ಗಿದ ಕುರುಹು ಸಿಗಲಿಲ್ಲ. ಹೆಚ್ಚು ತಿಂದ ಕಡೆಗಳಲ್ಲಿ ಕೊಯ್ಲು ತುಸು ಮೇಲೆಯೇ ಇತ್ತು. ತೆಂಗು ಬೆಳೆದವರಿಗೆ ಇದರ ಒಳಗುಟ್ಟು ಥಟ್ಟನೆ ಹೊಳೆಯುತ್ತದೆ. ಹೊಂಬಾಳೆ ಕಚ್ಚಿದ ಹರಳೆಲ್ಲ ಕಾಯಾಗುವುದಿಲ್ಲ, ಬಹಳಷ್ಟು ಹೇಗೂ ಉದುರುತ್ತವೆ. ಮಂಗ ತಿಂದದ್ದು ಆ ಹೆಚ್ಚುವರಿಯಲ್ಲೇ ಆಗಿರಬಹುದು, ಹೊರೆ ಇಳಿದ ಮರ ಉಳಿದ ಕಾಯಿಗಳನ್ನು ಚೆನ್ನಾಗಿ ಬೆಳೆಸಿರಬಹುದು. ರೈತರ ಆತಂಕ ಸುಳ್ಳಲ್ಲ. ಕಣ್ಣೆದುರು ಕಾಯಿ ಕಿತ್ತುಹೋಗುವಾಗ ಸುಮ್ಮನಿರುವುದು ಯಾರಿಗಾದರೂ ಕಷ್ಟ. ಅವರ ಮುಂದೆ ಲೆಕ್ಕ ಇಟ್ಟು ಮಾತಾಡಬೇಕು, ನಷ್ಟವಾದ ಕಡೆ ಪರಿಹಾರವನ್ನೂ ಕೊಡಬೇಕು.

ಉಳಿಸುವ ಕೆಲಸ

ಜೊಜಾನಿಯಲ್ಲಿ ಆದದ್ದು ಹೀಗೆಯೇ. 1995ರ ಹೊತ್ತಿಗೆ ಜಾಂಜಿಬಾರ್ ಸರ್ಕಾರ ಮತ್ತು ಕೇರ್ ಸಂಸ್ಥೆ ಸೇರಿ ಅಲ್ಲಿ ಸಂರಕ್ಷಣಾ ಯೋಜನೆ ಆರಂಭಿಸಿದವು. ಕಾಡಿಗೆ ಬರುವ ಪ್ರವಾಸಿಗರ ಶುಲ್ಕದಲ್ಲಿ ಒಂದು ಪಾಲು ಸುತ್ತಲಿನ ಹಳ್ಳಿಗಳಿಗೆ, ಮಂಗಗಳು ಮೇಯುವ ತೋಟಗಳ ರೈತರಿಗೆ ಸಲ್ಲುವ ಏರ್ಪಾಡಾಯಿತು. ಶಾಲೆ, ಕುಡಿಯುವ ನೀರಿನಂಥ ಕೆಲಸಗಳಿಗೆ ಆ ಹಣ ಬಂತು. ಪೆಟೆ ಹಳ್ಳಿಯ ಬಳಿ ಕಾಂಡ್ಲಾ ಕಾಡಿನ ಒಳಗೆ ಮರದ ಹಲಗೆಗಳ ಕಾಲುದಾರಿ ಕಟ್ಟಲಾಯಿತು. ಊರಿನ ಯುವಕರು ಮಾರ್ಗದರ್ಶಿಗಳಾದರು. 2004ರಲ್ಲಿ ಸುಮಾರು 50 ಚದರ ಕಿಲೋಮೀಟರಿನ ಈ ಪ್ರದೇಶ ಜಾಂಜಿಬಾರಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2016ರಲ್ಲಿ ಯುನೆಸ್ಕೊ ಇದನ್ನು ಜೀವಗೋಳ ಮೀಸಲು ಪ್ರದೇಶಗಳ ಪಟ್ಟಿಗೆ ಸೇರಿಸಿತು.

ಹಿಂದೆ ಕೇಡೆಂದು ದೂರವಿಟ್ಟ ಮಂಗ ಹೀಗೆ ಊರಿನ ಆದಾಯವಾಯಿತು. ಹಂಚಿಕೆ ಎಲ್ಲ ಕಾಲದಲ್ಲೂ ಎಲ್ಲರಿಗೂ ತೃಪ್ತಿ ತಂದಿದೆ ಎನ್ನಲಾಗದು. ಕಾಡಿನಿಂದ ಸೌದೆ ತರುತ್ತಿದ್ದ ಹೆಂಗಸಿಗೂ ಪ್ರವಾಸಿಗರಿಂದ ಸಂಬಳ ಪಡೆಯುವ ಮಾರ್ಗದರ್ಶಿಗೂ ಈ ಲಾಭ ಒಂದೇ ಸಮನಾಗಿ ತಟ್ಟುವುದಿಲ್ಲ. ಆದರೂ ತತ್ವ ಸರಿಯಾದದ್ದು: ಕಾಡುಪ್ರಾಣಿಯ ಜೊತೆ ಬಾಳುವ ಖರ್ಚು ಹಳ್ಳಿಯದಾದರೆ, ಅದರಿಂದ ಬರುವ ಗಳಿಕೆಯಲ್ಲೂ ಹಳ್ಳಿಗೆ ಪಾಲಿರಬೇಕು.

ಇನ್ನು ರಸ್ತೆಯ ಮಾತು. ಪಟ್ಟಣದಿಂದ ಆಗ್ನೇಯದ ಕಡಲತೀರಕ್ಕೆ ಹೋಗುವ ದಾರಿ ಜೊಜಾನಿಯ ನಡುವೆಯೇ ಹಾಯುತ್ತದೆ. 1990ರ ದಶಕದಲ್ಲಿ ಅದಕ್ಕೆ ಡಾಂಬರು ಬಿದ್ದ ಮೇಲೆ ವಾಹನಗಳ ವೇಗ ಹೆಚ್ಚಿತು. ಕಾಡಿನಿಂದ ತೋಟಕ್ಕೆ ದಾಟುವ ಕೊಲೊಬಸ್‌ಗಳು ಗಾಲಿಗೆ ಸಿಕ್ಕಿ ಸಾಯತೊಡಗಿದವು. ಇದಕ್ಕೆ ಮಾಡಿದ ಉಪಾಯ ಬಹಳ ಸರಳ: ರಸ್ತೆಗೆ ಅಡ್ಡಲಾಗಿ ಉಬ್ಬುಗಳನ್ನು ಹಾಕಿದರು, ಎಚ್ಚರಿಕೆಯ ಫಲಕ ನಿಲ್ಲಿಸಿದರು. ಸಾವು ಗಮನಾರ್ಹವಾಗಿ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಒಂದೊಂದೇ ಮರಿ ಹೆತ್ತು ನಿಧಾನವಾಗಿ ಬೆಳೆಸುವ ಕುಲಕ್ಕೆ, ಮರಿ ಹೊತ್ತ ಒಂದು ತಾಯಿ ರಸ್ತೆಯಲ್ಲಿ ಸತ್ತರೂ ನಷ್ಟ ದೊಡ್ಡದು. ಹಾಗಾಗಿ ಒಂದು ಉಬ್ಬು ಎಂದರೆ ಇಲ್ಲಿ ಹಲವು ಮರಿಗಳ ಆಯಸ್ಸು. ಎಲ್ಲ ಸಂರಕ್ಷಣೆಗೂ ಕೋಟಿಗಟ್ಟಲೆ ಹಣ ಬೇಕಿಲ್ಲ, ಕಾರಣ ಸರಿಯಾಗಿ ಗುರುತಿಸಿದರೆ ಸಣ್ಣ ಕೆಲಸವೂ ಜೀವ ಉಳಿಸುತ್ತದೆ ಎಂಬುದನ್ನು ಆ ರಸ್ತೆ ಕಲಿಸುತ್ತದೆ.

ಉಳಿದಿರುವ ದೊಡ್ಡ ಕೆಲಸ ಉದ್ಯಾನದ ಗಡಿಯ ಹೊರಗಿದೆ. ಅಲ್ಲಿರುವ ಅರ್ಧದಷ್ಟು ಮಂಗಗಳಿಗೆ ಟಿಕೆಟ್ಟಿನ ಆದಾಯವಿಲ್ಲ, ಕಾವಲು ಕಡಿಮೆ. ಕಾಡಿನ ತುಂಡುಗಳ ನಡುವೆ ಮರಗಳ ಸಾಲು ಬೆಳೆಸಿ ದಾರಿ ಜೋಡಿಸಬೇಕು. ಹಳ್ಳಿಗಳೇ ತಮ್ಮ ಕಾಡನ್ನು ನೋಡಿಕೊಳ್ಳುವ ಸಮುದಾಯ ಅರಣ್ಯ ಒಪ್ಪಂದಗಳು ಜಾಂಜಿಬಾರಿನಲ್ಲಿ ಈಗಾಗಲೇ ಇವೆ, ಅವಕ್ಕೆ ಬಲ ಬೇಕು. ಮನೆಗಳಿಗೆ ಸೌದೆ, ಇದ್ದಿಲಿನ ಬದಲಿಗೆ ಕೈಗೆಟಕುವ ಬೆಲೆಯ ಬೇರೆ ಇಂಧನ ಸಿಗಬೇಕು. ಒಲೆಯ ಪ್ರಶ್ನೆ ಬಗೆಹರಿಯದೆ ಕಾಡಿನ ಪ್ರಶ್ನೆ ಬಗೆಹರಿಯದು. ಈ ಮಂಗಕ್ಕಷ್ಟೇ ಅಲ್ಲದೆ ಎಲ್ಲ ಕೆಂಪು ಕೊಲೊಬಸ್‌ಗಳಿಗೂ ಸೇರಿಸಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು 2021ರಲ್ಲಿ ಒಂದು ಕ್ರಿಯಾಯೋಜನೆಯನ್ನು ಹೊರತಂದಿದ್ದಾರೆ. ಏನು ಮಾಡಬೇಕೆಂಬ ತಿಳಿವಳಿಕೆಗೆ ಈಗ ಕೊರತೆಯಿಲ್ಲ.

ನೋಡಲು ಹೋಗುವವರಿಗೆ

ಕೆಲಸದ ಮೇಲೆ ಪೂರ್ವ ಆಫ್ರಿಕಾದಲ್ಲಿ ನೆಲೆಸಿರುವ ಕನ್ನಡಿಗರಿಗೆ, ರಜೆಗೆ ಜಾಂಜಿಬಾರಿಗೆ ಹೋಗುವವರಿಗೆ ಜೊಜಾನಿ ತಪ್ಪಿಸಬಾರದ ಜಾಗ. ಹೋದಾಗ ಪಾಲಿಸಬೇಕಾದದ್ದು ಕೆಲವೇ ಸಂಗತಿ. ಮಂಗಗಳಿಂದ ಕೆಲವು ಮೀಟರ್ ದೂರ ನಿಲ್ಲಿ. ಅವು ಹತ್ತಿರ ಬಂದರೆ ನೀವು ಹಿಂದೆ ಸರಿಯಿರಿ. ನಮ್ಮ ನೆಗಡಿ, ಜ್ವರಗಳು ಮಂಗಗಳಿಗೂ ಅಂಟಬಲ್ಲವು. ಕೆಮ್ಮು, ಸೀನು ಇದ್ದರೆ ಆ ದಿನ ಹೋಗಬೇಡಿ. ಮುಟ್ಟಬೇಡಿ, ಜೊತೆ ನಿಂತು ಫೋಟೊ ತೆಗೆಸಿಕೊಳ್ಳಲು ಹತ್ತಿರ ಕರೆಯಬೇಡಿ. ಆಹಾರ ಕೊಡಲೇಬೇಡಿ, ಕಾರಣ ಈಗ ನಿಮಗೆ ಗೊತ್ತಿದೆ. ಆ ರಸ್ತೆಯಲ್ಲಿ ನಿಮ್ಮ ವಾಹನದ ಚಾಲಕರಿಗೆ ನಿಧಾನವಾಗಿ ಹೋಗಲು ಹೇಳಿ. ಊರಿನ ಮಾರ್ಗದರ್ಶಿಯನ್ನೇ ಕರೆದುಕೊಳ್ಳಿ, ಹಲಗೆಯ ದಾರಿಯಲ್ಲಿ ಕಾಂಡ್ಲಾ ಕಾಡನ್ನೂ ನೋಡಿ ಬನ್ನಿ. ನೀವು ಕೊಡುವ ಶುಲ್ಕ ಆ ಹಳ್ಳಿಗಳಿಗೂ ಕಾಡಿಗೂ ನಡುವಿನ ನಂಟನ್ನು ಗಟ್ಟಿ ಮಾಡುತ್ತದೆ.

ಅಷ್ಟು ದೂರ ಹೋಗಲಾಗದವರು ನಮ್ಮೂರಿನ ಮುಸುವಗಳ ಗುಂಪೊಂದನ್ನು ಅರ್ಧ ದಿನ ಸುಮ್ಮನೆ ಗಮನಿಸಿದರೂ ಈ ಕುಟುಂಬದ ಬದುಕು ಬಹಳಷ್ಟು ತಿಳಿಯುತ್ತದೆ. ಯಾವ ಎಲೆಯನ್ನು ಆರಿಸುತ್ತವೆ, ಯಾವುದನ್ನು ಬಿಡುತ್ತವೆ, ಮೇದ ಮೇಲೆ ಎಷ್ಟು ಹೊತ್ತು ಕೂರುತ್ತವೆ, ಬಯಲು ದಾಟುವಾಗ ಎಷ್ಟು ಅಂಜುತ್ತವೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸ ಇದು. ಮುಸುವಗಳು ನಮ್ಮಲ್ಲಿ ಇನ್ನೂ ಕಣ್ಣಿಗೆ ಧಾರಾಳವಾಗಿ ಕಾಣುತ್ತವೆ. ಕಾಣುವ ಪ್ರಾಣಿಯ ಬಗ್ಗೆ ಚಿಂತೆ ಬೇಡವೆಂದುಕೊಂಡು ಕೂತರೆ ಎಂಥ ಅಪಾಯವೆಂದು ಅವುಗಳ ಆಫ್ರಿಕಾದ ನೆಂಟರು ಹೇಳುತ್ತಿದ್ದಾರೆ. ಇನ್ನೂ ಆರು ಸಾವಿರದ ಹತ್ತಿರ ಇರುವಾಗ, ಕಾರಣಗಳೂ ಪರಿಹಾರಗಳೂ ಕೈಯಲ್ಲಿರುವಾಗ, ಕೆಲಸ ಮಾಡಿದರೆ ಜಾಂಜಿಬಾರಿನ ಕೆಂಪು ಕೊಲೊಬಸ್ ಖಂಡಿತ ಉಳಿಯುತ್ತದೆ. ಆ ಕೆಲಸಕ್ಕೆ ಸರಿಯಾದ ಹೊತ್ತು ಅವು ಇನ್ನೂ ಕಾಣುತ್ತಿರುವ ಈ ಹೊತ್ತೇ.